ಎರಡು ಸಂಸ್ಥಾನಗಳ ನಡುವೆ ಕಳುವಾದ ಸೈಕಲ್ಲು

ನನ್ನ ಗಂಡನ ಹೆಣವನ್ನು ಬಾಡಿಗೆ ಮೋಟಾರಿನಿಂದ ಇಳಿಸಿದಾಗ ಅದರ ಜೊತೆ ಒಂದು ಕೈಚೀಲವೂ ಬಂತು. ಚೀಲದಲ್ಲಿ ಶೇಂಗಾ ಕಾಳಿನ ಮೂರು ಪುಡಿಕೆ, ಎರಡು ರೊಟ್ಟಿ ಉಳಿದಿದ್ದ ಬುತ್ತಿಗಂಟು ಇದ್ದವು. ಚಪ್ಪಲಿಗಳನ್ನು ಯಾರೋ ಸುತಳಿಯಿಂದ ಜೋಡಿಸಿ ಕಟ್ಟಿದ್ದರು. ಕೋಟಿನ ಕಿಸೆಯಲ್ಲಿ ಸೈಕಲ್ಲಿನ ಕೀಲಿಕೈ ಇತ್ತು. ಸೈಕಲ್ಲು ಬಂದಿರಲಿಲ್ಲ. ಆ ದಿನ ಅದು ಯಾರ ಲಕ್ಷ್ಯಕ್ಕೂ ಬರಲಿಲ್ಲ.

ಆಗ ಸ್ವಾತಂತ್ರ್ಯ ಬಂದು ನಾಲ್ಕು ತಿಂಗಳಾಗಿತ್ತು. ನಾವಿದ್ದದ್ದು ಬೆಟಗೇರಿಯ ನೇಕಾರರ ಓಣಿಯಲ್ಲಿ, ನಾವು ನೇಕಾರರಲ್ಲದಿದ್ದರೂ. ಮನೆಯಲ್ಲಿ ಮೂರೇ ಜನ: ನಾನು, ನನ್ನ ಗಂಡ, ಅತ್ತೆ. ಮಾವ ಬಹಳ ಹಿಂದೆಯೇ ಹೋಗಿದ್ದರು. ಅತ್ತೆಯ ತವರು ಹಿರೇಹಂದಿಗೋಳ, ನನ್ನದು ಡೋಣಿ. ನನಗೆ ಇಪ್ಪತ್ತು ವರ್ಷ, ಮದುವೆಯಾಗಿ ಮೂರು ವರ್ಷ. ಮಕ್ಕಳಾಗಿರಲಿಲ್ಲ. ನನ್ನ ಗಂಡ ಗದಗಿನ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಸುಗ್ಗಿಯ ದಿನಗಳಲ್ಲಿ ಸೈಕಲ್ಲಿನ ಮೇಲೆ ಹಳ್ಳಿಹಳ್ಳಿಗೆ ಹೋಗಿ ಮಾಲು ನೋಡಿ, ಮಾದರಿ ಕಟ್ಟಿಸಿಕೊಂಡು ಬರುವುದು ಅವರ ಕೆಲಸ. ಆ ಸಲ ಲಕ್ಷ್ಮೇಶ್ವರಕ್ಕೆ ಹೋಗಿ, ಅಲ್ಲಿ ಒಂದು ರಾತ್ರಿ ಇದ್ದು, ಶಿರಹಟ್ಟಿ ಮೇಲೆ ಹಾಯ್ದು ಮನೆಗೆ ಬರುವವರಿದ್ದರು.

ಹೊಟ್ಟೆನೋವು ಹೊರಡುವಾಗಲೇ ಇತ್ತು. ನಾನು ಓಮದ ಕಾಳು ಕೊಟ್ಟಿದ್ದೆ. ಮರುದಿನ ಮಧ್ಯಾಹ್ನ ಎರಡೂರಿನ ನಡುವೆ, ದಾರಿಯಲ್ಲಿ ನೋವು ತಡೆಯಲಾರದೆ ಒಂದು ಬೇವಿನ ಮರದ ಬುಡಕ್ಕೆ ಕೂತರಂತೆ. ಸೈಕಲ್ಲನ್ನು ತಾವೇ ಮರಕ್ಕೆ ಆನಿಸಿ, ಸರಪಳಿ ಸುತ್ತಿ ಕೀಲಿ ಹಾಕಿದರಂತೆ. ಆ ಹಾದಿಯಲ್ಲಿ ಬಂದ ಒಬ್ಬ ಗಾಡಿಯವನು ಅವರನ್ನು ಗಾಡಿಯಲ್ಲಿ ಮಲಗಿಸಿಕೊಂಡು ಶಿರಹಟ್ಟಿಗೆ ಹೊರಟ. ಊರು ಮುಟ್ಟುವ ಮೊದಲೇ ಜೀವ ಹೋಗಿತ್ತು. ಅವರು ಕಾಣಬೇಕಾಗಿದ್ದ ವ್ಯಾಪಾರಿಯೊಬ್ಬರು ಮೋಟಾರು ಗೊತ್ತು ಮಾಡಿ ಕಳಿಸಿಕೊಟ್ಟರು. ಇಷ್ಟನ್ನೂ ನಮಗೆ ಹೇಳಿದ್ದು ಆ ಗಾಡಿಯವನೇ. ಅವನೂ ಮೋಟಾರಿನಲ್ಲಿ ಬಂದಿದ್ದ. ಹೇಳುವಾಗ ಅವನು ಅಳುತ್ತಿದ್ದ. ನಾನು ಅಳುತ್ತಿರಲಿಲ್ಲ. ಅವನ ತಲೆಯ ಪಟಗದ ತುದಿಯಲ್ಲಿ ಹೊಟ್ಟಿನ ಧೂಳು ಅಂಟಿಕೊಂಡಿತ್ತು. ನಾನು ಅದನ್ನೇ ನೋಡುತ್ತ ನಿಂತಿದ್ದೆ.

ಮಣ್ಣು ಮಾಡಿ ಬಂದರು. ಹಾಲು ತುಪ್ಪ ಬಿಟ್ಟು ಬಂದ ಮರುದಿನ ಅಂಗಡಿಯಲ್ಲಿ ಅವರ ಜೊತೆಗಿದ್ದ ಗೆಳೆಯರೊಬ್ಬರು ಆ ದಾರಿಗೆ ಹೋಗಿ ಹುಡುಕಿದರು. ಮರ ಸಿಕ್ಕಿತು, ಸೈಕಲ್ಲು ಸಿಗಲಿಲ್ಲ. ಸರಪಳಿಯ ಒಂದು ತುಂಡು ಸಿಕ್ಕಿತ್ತು. ಅದನ್ನು ತಂದು ಕಟ್ಟೆಯ ಮೇಲಿಟ್ಟರು.

“ಹೋಗ್ಲಿ ಬಿಡ್ರಿ ಯವ್ವಾ,” ಎಂದರು. “ಮನಷ್ಯಾನ ಹೋದ ಮ್ಯಾಲೆ ಸೈಕಲ್ಲಿಂದೇನು.”

ಅತ್ತೆ ಆ ತುಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. “ಕಳುವಾಗೇತಿ ಅಂದ್ರ ಪೊಲೀಸ್ರಿಗೆ ಬರಸಬೇಕಲ್ಲ?” ಎಂದರು.

ಆ ಹೆಂಗಸಿಗೆ ದುಃಖದಲ್ಲಿ ಏನೋ ಹತ್ತಿಕೊಂಡಿದೆ, ತಾನಾಗಿಯೇ ಬಿಡುತ್ತದೆ ಎಂದು ಎಲ್ಲರೂ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡೆ. ಅಂದುಕೊಂಡೆ ಎನ್ನುವುದೂ ಸರಿಯಲ್ಲ, ಆ ದಿನಗಳಲ್ಲಿ ನಾನು ಏನನ್ನೂ ಅಂದುಕೊಳ್ಳುತ್ತಿರಲಿಲ್ಲ. ಕಸ ಗುಡಿಸುತ್ತಿದ್ದೆ, ರೊಟ್ಟಿ ಬಡಿಯುತ್ತಿದ್ದೆ, ಉಣ್ಣುತ್ತಿದ್ದೆ, ಮಲಗಿದರೆ ನಿದ್ದೆ ಬರುತ್ತಿತ್ತು. ಬಾಯಲ್ಲಿ ಉಪ್ಪು ಖಾರ ಗೊತ್ತಾಗುತ್ತಿರಲಿಲ್ಲ, ಅಷ್ಟೇ. ಓಣಿಯ ಹೆಂಗಸರು ನನ್ನ ಕಣ್ಣು ಒಣಗಿದ್ದನ್ನು ನೋಡಿ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಅದು ನನಗೆ ಕೇಳಿಸುತ್ತಿತ್ತು, ಬೇಸರವೇನೂ ಆಗುತ್ತಿರಲಿಲ್ಲ.

ತಿಂಗಳೊಪ್ಪತ್ತಿನ ಮೇಲೆ ಅತ್ತೆ ಒಂದು ಮುಂಜಾನೆ ಸೀರೆ ಬದಲಿಸಿ ಬಂದು ನನ್ನ ಮುಂದೆ ನಿಂತರು. “ಏಳು. ನನಗ ಓದಾಕ ಬರ್ಯಾಕ ಬರೂದಿಲ್ಲ. ನೀ ಬರಬೇಕು.” ನಾನು ಡೋಣಿಯ ಶಾಲೆಯಲ್ಲಿ ನಾಲ್ಕನೇ ಇಯತ್ತೆವರೆಗೆ ಓದಿದವಳು. ಎದ್ದು ಹೋದೆ.

ಗದಗಿನ ಠಾಣೆಯಲ್ಲಿ ನಮ್ಮನ್ನು ಬೈಯಲಿಲ್ಲ, ಹೊರಗೂ ಹಾಕಲಿಲ್ಲ. ಮೇಜಿನ ಹಿಂದೆ ಕೂತಿದ್ದವರು ಎಲ್ಲವನ್ನೂ ಕೇಳಿಸಿಕೊಂಡು, “ಅದು ನಮ್ಮ ಹದ್ದಲ್ಲ ಯವ್ವಾ,” ಎಂದರು. “ಅಲ್ಲಿಂದ ಮುಂದ ಸಂಸ್ಥಾನದ ಹದ್ದು. ಕಳುವಾದ ಜಾಗಾ ಯಾರ ಹದ್ದಿನಾಗ ಬರತೈತೋ ಅವ್ರ ಬರಕೊಬೇಕು.”

“ಸ್ವಾತಂತ್ರ್ಯ ಬಂತಂದ್ರಲ್ಲೋ ಯಪ್ಪಾ?”

“ಬಂದೈತಿ. ಆದ್ರ ಅವರ ಪೊಲೀಸ್ರು ಅವರಿಗೆ, ನಮ್ಮ ಪೊಲೀಸ್ರು ನಮಗ. ಇನ್ನೂ ಹಂಗ ಐತಿ.”

ಈಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹದ್ದು ಎಂದರೆ ಸರಹದ್ದು, ಒಬ್ಬರ ಅಧಿಕಾರ ನಡೆಯುವ ಎಲ್ಲೆ. ಗದಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಶಿರಹಟ್ಟಿ ಒಬ್ಬ ರಾಜನದು, ಲಕ್ಷ್ಮೇಶ್ವರ ಇನ್ನೊಬ್ಬ ರಾಜನದು. ನಲವತ್ತು ಮೈಲಿಯೊಳಗೆ ಮೂರು ಸರ್ಕಾರ. ನನ್ನ ಗಂಡ ಕೂತ ಮರ ಇದ್ದದ್ದು ಆ ಇಬ್ಬರು ರಾಜರ ಸೀಮೆಗಳು ಕೂಡುವ ಕಡೆ.

ವಾರದೊಳಗೆ ನಾವು ಸರ್ವಿಸ್ ಮೋಟಾರು ಹತ್ತಿ ಅಲ್ಲಿಗೆ ಹೋದೆವು. ದಾರಿಯ ಮಗ್ಗುಲಲ್ಲಿ ಒಂದು ಸಣ್ಣ ಪೊಲೀಸ್ ಚೌಕಿ ಇತ್ತು. ಊರಿನ ಹೆಸರು ಬರೆಯುವುದಿಲ್ಲ, ಆ ಹವಾಲ್ದಾರರ ಮೊಮ್ಮಕ್ಕಳು ಇನ್ನೂ ಅಲ್ಲೇ ಇರಬಹುದು. ವಯಸ್ಸಾದ ಮನುಷ್ಯ. ಮರಾಠಿಯಲ್ಲಿ ಬರೆಯುತ್ತ ಕೂತಿದ್ದರು. ತಲೆ ಎತ್ತದೆ ಕೇಳಿದರು:

“ಯಾರದು ಸೈಕಲ್ಲು?”

“ನನ್ನ ಮಗಂದು,” ಎಂದರು ಅತ್ತೆ.

“ಮಾಲಕ ಬರಬೇಕು. ಅಂವನ್ನ ಕಳಸ್ರಿ.”

“ಅಂವ ಬರೂದಿಲ್ಲ.”

“ಯಾಕ ಬರೂದಿಲ್ಲ? ಪರಊರಾಗ ಅದಾನೇನು? ಬಂದ ಮ್ಯಾಲೆ ಕಳಸ್ರಿ. ಹೆಣ್ಣಮಕ್ಕಳು ಯಾಕ ತಿರಗ್ಯಾಡ್ತೀರಿ.”

ಅತ್ತೆ ನನ್ನ ಕಡೆ ನೋಡಿದರು. ನಾನು, “ತೀರಿಕೊಂಡಾರ್ರಿ,” ಎಂದೆ. ಅಲ್ಲಿಯವರೆಗೆ ಆ ಮಾತನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ, ಆಡುವ ಪ್ರಸಂಗ ಬಂದಿರಲಿಲ್ಲ. ಎಲ್ಲರಿಗೂ ಮೊದಲೇ ಗೊತ್ತಿತ್ತು. ಹೇಳಿದ ಮೇಲೆ ಏನಾದರೂ ಆಗುತ್ತದೆ ಎಂದು ಕಾದೆ. ಏನೂ ಆಗಲಿಲ್ಲ. ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು.

ಹವಾಲ್ದಾರರು ಬರೆಯುತ್ತಿದ್ದ ಟಾಕು ಕೆಳಗಿಟ್ಟರು. “ಕುಂಡ್ರಿ ತಾಯಿ,” ಎಂದು ತಂಬಿಗೆಯಲ್ಲಿ ನೀರು ತರಿಸಿದರು. ಎಲ್ಲವನ್ನೂ ಕೇಳಿದರು. ಮಗನ ವಯಸ್ಸು ಕೇಳಿ ಲೊಚಗುಟ್ಟಿದರು. ಆದರೆ ಬರೆಯಲಿಲ್ಲ. “ಆ ಬೇವಿನ ಮರ ಗಡಿಕಲ್ಲಿನ ಆಕಡೆ ಬರತೈತಿ. ಅದು ಅವರ ಸಂಸ್ಥಾನದ್ದು. ನಾ ಬರಕೊಂಡ್ರ ಮ್ಯಾಲಿನವ್ರು ನನ್ನ ಕೇಳ್ತಾರ,” ಎಂದರು. ಮೋಟಾರು ನಿಲ್ಲುವ ಜಾಗದವರೆಗೆ ತಾವೇ ಬಂದು ನಮ್ಮನ್ನು ಆಚೆ ಕಡೆಯ ಚೌಕಿಗೆ ಕಳಿಸಿಕೊಟ್ಟರು.

ಆಚೆ ಕಡೆಯವರು, ಮರ ಆ ಹವಾಲ್ದಾರರ ಹದ್ದಿನಲ್ಲೇ ಬರುತ್ತದೆ ಎಂದರು.

ಅತ್ತೆ ಜಗಳ ಮಾಡುವವರಲ್ಲ. ಆದರೆ ಆ ದಿನ ಚೌಕಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. “ಮರ ಎಲ್ಲೈತಿ ಅಂತ ಒಬ್ರ ಬಂದು ತೋರಸ್ರಿ. ಯಾರದು ಅಂತ ತಿಳದ ಮ್ಯಾಲೆ ಏಳ್ತೇನಿ.” ಕೊನೆಗೆ ಒಬ್ಬ ಸಿಪಾಯಿ ನಮ್ಮ ಜೊತೆ ಹೊರಟ. ಎರಡು ಮೈಲಿ ನಡೆದೆವು. ಶೇಂಗಾ ಕಿತ್ತ ಹೊಲಗಳು, ಅಲ್ಲಲ್ಲಿ ಹೊಟ್ಟಿನ ಬಣವೆ. ಸಿಪಾಯಿ ದಾರಿಯುದ್ದಕ್ಕೂ ತನ್ನ ಮಗಳ ಹಲ್ಲುನೋವಿನ ಸುದ್ದಿ ಹೇಳಿದ. ಅತ್ತೆ ಲವಂಗದ ಎಣ್ಣೆ ಹಚ್ಚು ಎಂದರು.

ಮರ ಸಾಧಾರಣ ಮರ. ದಾರಿಗೆ ಹತ್ತಿ ಇತ್ತು. ಬುಡದಲ್ಲಿ ಒಣಗಿದ ಎಲೆ, ಆಡಿನ ಹಿಕ್ಕೆ. ಸಿಪಾಯಿ ಗಡಿಕಲ್ಲನ್ನು ಹುಡುಕಿದ. ಕಲ್ಲು ಇರಲಿಲ್ಲ. ಅದಿದ್ದ ಕಡೆ ಒಂದು ತಗ್ಗಿತ್ತು, ಅದರಲ್ಲಿ ಹುಲ್ಲು ಬೆಳೆದಿತ್ತು. ಅದು ಕಲ್ಲಿನ ತಗ್ಗೋ, ಬೇರೆ ಯಾವುದೋ ತಗ್ಗೋ ಎಂಬುದೂ ಅವನಿಗೆ ಖಾತ್ರಿಯಿರಲಿಲ್ಲ.

“ಯಾರೋ ಒಡ್ಡಿಗೆ ಹಾಕಾಕ ಒಯ್ದಾರ ನೋಡವ್ವಾ. ಕಲ್ಲ ಇಲ್ಲಂದ್ರ ಹೆಂಗ ಹೇಳೂದು? ಈ ಮರ ಅವರ್ದೂ ಹೌದು, ನಮ್ದೂ ಹೌದು.”

“ಹಂಗಾರ ಇಬ್ರೂ ಬರಕೊಳ್ರಿ.”

“ಇಬ್ರೂ ಅಲ್ಲ ಅಂತಾರ ಯವ್ವಾ. ಅದಕ್ಕ ಇಷ್ಟು ತ್ರಾಸು.”

ಅವನು ಹೋದ. ಅತ್ತೆ ಬುತ್ತಿ ಬಿಚ್ಚಿದರು. ಇಬ್ಬರೂ ಆ ಮರದ ಬುಡದಲ್ಲೇ ಕೂತು ರೊಟ್ಟಿ ತಿಂದೆವು. ನನ್ನ ಗಂಡ ಯಾವ ಮಗ್ಗುಲಿಗೆ ಕೂತಿದ್ದರೋ, ಯಾವ ದಿಕ್ಕಿಗೆ ಮುಖ ಮಾಡಿದ್ದರೋ ನಮಗೆ ಗೊತ್ತಿರಲಿಲ್ಲ. ಅತ್ತೆ ಮರದ ಸುತ್ತ ಒಂದು ಸಲ ನಡೆದು ಬಂದು, “ಬಿಸಲಿಗೆ ಬೆನ್ನ ಮಾಡಿ ಕುಂತಿರ್ತಾನ,” ಎಂದರು. ನಾನು ಹೂಂ ಎಂದೆ. ಇಲ್ಲಿಯಾದರೂ ನನಗೆ ಅಳು ಬರಬಹುದು ಎಂದು ಅವರು ನನ್ನನ್ನೇ ಗಮನಿಸುತ್ತಿದ್ದರು ಅಂತ ಕಾಣುತ್ತದೆ. ನನಗೆ ನೀರಡಿಕೆಯಾಗಿತ್ತು. ತಂಬಿಗೆ ಖಾಲಿಯಾಗಿತ್ತು.

ಅದೇ ತಿಂಗಳು ಡೋಣಿಯಿಂದ ನನ್ನ ಅಪ್ಪ ಬಂಡಿ ಕಟ್ಟಿಕೊಂಡು ಬಂದರು. ನನ್ನನ್ನು ಕರೆದುಕೊಂಡು ಹೋಗಬೇಕೆಂದು. ಮುಂದೆ ಒಂದು ಉಡಿಕೆ ಮಾಡಿ ಕೊಡುವ ಮಾತನ್ನೂ ಆಡಿದರು. ನಮ್ಮ ಕಡೆ ವಿಧವೆಯರಿಗೆ ಎರಡನೇ ಮದುವೆ ಮಾಡಿಕೊಡುವ ಪದ್ಧತಿ ಇತ್ತು. ಅದರಲ್ಲಿ ತಪ್ಪಾಗಲಿ, ಅವಮಾನವಾಗಲಿ ಏನೂ ಇರಲಿಲ್ಲ. ನಾನು ಒಳಗೆ ಹೋಗಿ ಸೀರೆಗಳನ್ನು ಮಡಿಚತೊಡಗಿದೆ. ಅತ್ತೆ ಹೊರಗೆ ಅಪ್ಪನಿಗೆ ಹೇಳುವುದು ಕೇಳಿಸಿತು:

“ಸೈಕಲ್ಲಿನ ಫಿರ್ಯಾದಿ ಇನ್ನೂ ಆಗಿಲ್ರಿ ಬೀಗರ. ಅಕಿ ಸಹಿ ಬೇಕಾಗತೈತಿ. ಅದೊಂದು ಮುಗೀಲಿ, ನಾನ ಕರಕೊಂಡು ಬಂದು ಬಿಡ್ತೇನಿ.”

ಪೊಲೀಸ್ ಕೆಲಸ ಎಂದು ಕೇಳಿದ ಕೂಡಲೇ ಅಪ್ಪ ಕರೆದುಕೊಂಡು ಹೋಗುವ ಮಾತು ಬಿಟ್ಟರು. ಅವರಿಗೆ ಆ ಮಾತೇ ಭಯ. ಒಂದು ಊಟ ಮಾಡಿ ಬಂಡಿ ತಿರುಗಿಸಿಕೊಂಡು ಹೋದರು. ನಾನು ಮಡಿಚಿದ ಸೀರೆಗಳನ್ನು ಮತ್ತೆ ಬಿದಿರ ಗಳುವಿನ ಮೇಲೆ ಹಾಕಿದೆ. ಹೋಗುವುದಕ್ಕೂ ಇರುವುದಕ್ಕೂ ನನಗೆ ಆಗ ಏನೂ ವ್ಯತ್ಯಾಸ ಕಾಣಲಿಲ್ಲ.

ಆ ಬೇಸಿಗೆಯಲ್ಲಿ ಇನ್ನೆರಡು ಸಲ ಹೋಗಿ ಬಂದೆವು. ಒಂದು ಸಲ ಹವಾಲ್ದಾರರು ರಜೆಯ ಮೇಲಿದ್ದರು. ಇನ್ನೊಂದು ಸಲ ಆಚೆಯ ಚೌಕಿಯಲ್ಲಿ ಬೀಗ ಹಾಕಿತ್ತು. ಓಣಿಯಲ್ಲಿ ನಮ್ಮನ್ನು ಕಂಡರೆ, “ಸೈಕಲ್ಲು ಸಿಕ್ತೇನವ್ವಾ?” ಎಂದು ಕೇಳುತ್ತಿದ್ದರು. ಮೊದಮೊದಲು ಕರುಣೆಯಿಂದ, ಆಮೇಲೆ ಮಾತಿಗೆ ಮಾತು ಎಂಬಂತೆ.

ಒಂದು ದಿನ ಎದುರುಮನೆಯ ನೇಕಾರರೊಬ್ಬರು ಕಟ್ಟೆಯ ಮೇಲೆ ಪತ್ರಿಕೆ ಓದಿ ಹೇಳುತ್ತಿದ್ದರು. ಸಂಸ್ಥಾನಗಳೆಲ್ಲ ಮುಂಬಯಿ ಪ್ರಾಂತದಲ್ಲಿ ವಿಲೀನವಾದುವಂತೆ, ರಾಜರು ಸಹಿ ಹಾಕಿದರಂತೆ. ಕೇಳುವವರು ಸಕ್ಕರೆ ಹಂಚಬೇಕು ಎನ್ನುತ್ತಿದ್ದರು. ಅತ್ತೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

“ಅಣ್ಣಾರ, ಹಂಗಾರ ಶಿರಹಟ್ಟಿ, ಲಕ್ಷ್ಮೇಶ್ವರ ಎರಡೂ ಒಂದ ಆದ್ವೇನ್ರಿ?”

“ಆದ್ವಬೇ. ಎಲ್ಲಾ ನಮ್ಮ ಧಾರವಾಡ ಜಿಲ್ಲಾಕ್ಕ ಬಂದ್ವು.”

“ನಡುವಿನ ಗಡಿ?”

“ಗಡಿ ಎಲ್ಲಿಂದ್ರಿ ಇನ್ನ. ಇಲ್ಲ.”

ಅತ್ತೆ ಒಳಗೆ ಬಂದು, “ನಾಳೆ ಹೋಗೂಣು,” ಎಂದರು.

ಮರುದಿನ ಹೋದಾಗ ಹವಾಲ್ದಾರರು ಅದೇ ಕುರ್ಚಿಯಲ್ಲಿದ್ದರು. ಸುದ್ದಿ ಖರೆ ಎಂದರು. ಆದರೆ ಹೊಸ ಸರ್ಕಾರದ ರಜಿಸ್ಟರ್ ಬಂದಿಲ್ಲ, ಮೊಹರು ಬಂದಿಲ್ಲ. ಹಳೆಯದರಲ್ಲಿ ಬರೆಯುವಂತಿಲ್ಲ. ತಮ್ಮ ನೌಕರಿಯೇ ಉಳಿಯುತ್ತದೋ ಇಲ್ಲವೋ ಎಂದು ಅವರಿಗೆ ಚಿಂತೆಯಾಗಿತ್ತು. ಅತ್ತೆಯೇ ಅವರಿಗೆ ಸಮಾಧಾನ ಹೇಳಿ ಬಂದರು.

ಮುಂಗಾರು ಶುರುವಾಗಿ, ಹಿರೇಹಂದಿಗೋಳದಲ್ಲಿ ಅತ್ತೆಯ ತವರಿನವರ ಬಿತ್ತನೆ ಮುಗಿಸಿ ಬಂದ ಮೇಲೆ ಮತ್ತೆ ಹೋದೆವು. ಈ ಸಲ ಚೌಕಿಯಲ್ಲಿ ಹೊಸ ಫೌಜದಾರರು ಬಂದಿದ್ದರು. ಇಪ್ಪತ್ತೈದೋ ಇಪ್ಪತ್ತಾರೋ ವಯಸ್ಸು, ನನ್ನ ಗಂಡನ ವಾರಿಗೆಯವರು. ಹಳೆಯ ಹವಾಲ್ದಾರರು ಅವರ ಕಿವಿಯಲ್ಲಿ ಏನೋ ಹೇಳಿದರು. ಫೌಜದಾರರು ನಮಗೆ ಕೂತುಕೊಳ್ಳಲು ಬೆಂಚು ತೋರಿಸಿದರು.

“ಕಳುವಾಗಿ ಏಳು ತಿಂಗಳ ಮ್ಯಾಲಾತು. ಇಷ್ಟು ತಡಾ ಯಾಕ ಬಂದ್ರಿ?”

ಅತ್ತೆಗೆ ಸಿಟ್ಟು ಬರುತ್ತದೆ ಅಂದುಕೊಂಡೆ. ಅವರು ಮೊದಲಿನಿಂದ ಒಂದೊಂದೇ ಹೇಳಿದರು. ಗದಗಿನಲ್ಲಿ ಏನಂದರು, ಇಲ್ಲಿ ಏನಂದರು, ಕಲ್ಲು ಇರಲಿಲ್ಲ, ಬೀಗ ಹಾಕಿತ್ತು, ಮೊಹರು ಬಂದಿರಲಿಲ್ಲ. ಹವಾಲ್ದಾರರು ಪಕ್ಕದಲ್ಲಿ ನಿಂತು, “ಹೌದ್ರಿ ಸಾಹೇಬ್ರ, ಖರೆ,” ಎನ್ನುತ್ತಿದ್ದರು. ಫೌಜದಾರರು ಹೊಸ ಪುಸ್ತಕವೊಂದನ್ನು ತೆರೆದು, ಹಾಳೆಯನ್ನು ಅಂಗೈಯಿಂದ ಸವರಿದರು.

“ಫಿರ್ಯಾದಿದಾರರು ಯಾರು? ತಾಯಿನೋ, ಹೇಣತಿನೋ?”

“ಅಕಿ ಹೆಸರಲೆ ಬರೀರಿ,” ಎಂದರು ಅತ್ತೆ. “ನಂದೇನು, ಇವತ್ತ ನಾಳೆ ಹೋಗಾಕಿ.”

ಅವರು ನನ್ನನ್ನು ಕೇಳತೊಡಗಿದರು. ಹೆಸರು, ವಯಸ್ಸು, ಊರು. ಗಂಡನ ಹೆಸರು. ಅದನ್ನು ಬಾಯಿಂದ ಹೇಳುವ ರೂಢಿ ನಮಗಿಲ್ಲ. ಒಂದು ಚೀಟಿ ಕೊಟ್ಟರು, ಬರೆದು ತೋರಿಸಿದೆ. ಅದನ್ನು ನೋಡಿಕೊಂಡು ಅವರು ಹೆಸರು ಬರೆದು, ಅದರ ಮುಂದೆ ‘ಮಯತ’ ಎಂದು ಸೇರಿಸಿದರು. ತೀರಿಹೋದವರಿಗೆ ಸರ್ಕಾರಿ ಕಾಗದದಲ್ಲಿ ಹಾಗೆ ಬರೆಯುತ್ತಾರೆ.

“ಸೈಕಲ್ಲು ಹೆಂಗಿತ್ತು ಹೇಳಮ್ಮ. ಸಾವಕಾಶ ಹೇಳು.”

ಕರಿ ಬಣ್ಣ, ಎಂದೆ. ಹಿಂದಿನ ಮಡಗಾರ್ಡಿನ ಮೇಲೆ ಮುನಸಿಪಾಲಿಟಿ ಬಿಲ್ಲೆ. ಹ್ಯಾಂಡಲಿನ ಎಡಗಡೆ ಹಿಡಿಕೆ ರಬ್ಬರು ಹೋಗಿ ಬಟ್ಟೆ ಸುತ್ತಿತ್ತು. ಗಂಟೆ ಒತ್ತಿದರೆ ಎರಡನೇ ಸಲಕ್ಕೆ ಸದ್ದು ಮಾಡುತ್ತಿತ್ತು. ಸೀಟಿಗೆ ಅತ್ತೆ ಹಳೆ ಕೌದಿಯ ತುಂಡಿನಿಂದ ಕವಚ ಹೊಲಿದಿದ್ದರು, ಕೆಂಪು ಚೌಕ, ಹಸಿರು ಚೌಕ, ನಡುವೆ ನನ್ನ ಹರಿದ ಕುಬಸದ ಒಂದು ಹಳದಿ ಚೌಕ. ಮುಂದಿನ ಗಾಲಿಯ ಒಂದು ಕಡ್ಡಿ ಹೊಸದು, ಉಳಿದುವು ಹಳೆಯವು. ಕ್ಯಾರಿಯರಿನ ಮೇಲೆ ಕೂತರೆ ಬಲಗಡೆಗೆ ಕಿರ್ರ್ ಎನ್ನುತ್ತಿತ್ತು. ತುಳಿಯುವಾಗ ಅವರು ಎಡಗಾಲಿಗೆ ಹೆಚ್ಚು ಭಾರ ಹಾಕುತ್ತಿದ್ದರು, ಅದಕ್ಕೆ ಆ ಪೆಡಲು ಹೆಚ್ಚು ಸವೆದಿತ್ತು.

ಫೌಜದಾರರು ಬರೆಯುತ್ತಲೇ ಇದ್ದರು. ನಾನು ಹೇಳುತ್ತಲೇ ಇದ್ದೆ. ಏಳು ತಿಂಗಳಲ್ಲಿ ಅಷ್ಟು ಮಾತನ್ನು ನಾನು ಯಾರ ಜೊತೆಯೂ ಆಡಿರಲಿಲ್ಲ. ನನ್ನ ಗಂಡನ ಬಗ್ಗೆ ಅಷ್ಟು ಸಣ್ಣಸಣ್ಣ ಪ್ರಶ್ನೆಗಳನ್ನು ಯಾರೂ ನನ್ನಲ್ಲಿ ಕೇಳಿರಲಿಲ್ಲ. ಮಾತು ಮುಗಿದ ಮೇಲೆ ದಣಿವಾಯಿತು. ಸಹಿ ಮಾಡಿದೆ. ಅತ್ತೆ ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದರು. ಕೀಲಿಕೈಯನ್ನೂ ಸರಪಳಿಯ ತುಂಡನ್ನೂ ಪುರಾವೆಯ ಮುದ್ದೇಮಾಲು ಎಂದು ಒಂದು ಅರಿವೆಯಲ್ಲಿ ಕಟ್ಟಿ, ಅರಗು ಹಚ್ಚಿ ಇಟ್ಟುಕೊಂಡರು. ನಮಗೆ ಒಂದು ನಕಲು ಕೊಟ್ಟರು.

ಹೊರಗೆ ಬಂದಾಗ ಮಳೆ ಬರುತ್ತಿತ್ತು. ಅತ್ತೆ ಆ ನಕಲನ್ನು ಎದೆಯ ಹತ್ತಿರ ಕುಬಸದೊಳಗೆ ಇಟ್ಟುಕೊಂಡರು. “ಬರಕೊಂಡ್ರಲ್ಲ,” ಎಂದರು. ಖುಷಿಯಾಗಿ ಅಲ್ಲ. ದೊಡ್ಡ ಹೊರೆ ಕೆಳಗಿಟ್ಟವರು ನಿಟ್ಟುಸಿರು ಬಿಡುತ್ತಾರಲ್ಲ, ಹಾಗೆ.

ಸೈಕಲ್ಲು ಸಿಗಲಿಲ್ಲ. ಸಿಗುತ್ತದೆ ಎಂದು ಒಂದು ಸಲ ಅನ್ನಿಸಿತ್ತು. ಮುಂದಿನ ವರ್ಷ ಮುಂಡರಗಿಯಿಂದ ಒಬ್ಬ ಸಿಪಾಯಿ ಬೆಟಗೇರಿಗೆ ಬಂದು, ಕಳ್ಳರ ಕಡೆಯಿಂದ ಸೈಕಲ್ಲುಗಳು ಸಿಕ್ಕಿವೆ, ಗುರುತು ಹಿಡಿಯಲು ಬರಬೇಕು ಎಂದು ಹೇಳಿ ಹೋದ. ಇಬ್ಬರೂ ಹೋದೆವು. ಠಾಣೆಯ ಹಿತ್ತಲಿನಲ್ಲಿ ಗೋಡೆಗೆ ಆನಿಸಿ ಏಳೆಂಟು ಸೈಕಲ್ಲು ನಿಲ್ಲಿಸಿದ್ದರು. ಬೇರೆ ಬೇರೆ ಊರಿನಿಂದ ಬಂದ ಜನ ಒಂದೊಂದನ್ನೇ ಮುಟ್ಟಿ ನೋಡುತ್ತಿದ್ದರು. ಒಬ್ಬ ಮುದುಕ ತನ್ನ ಸೈಕಲ್ಲು ಸಿಕ್ಕಿ ಅದರ ಹ್ಯಾಂಡಲು ಹಿಡಿದು ನಗುತ್ತ ನಿಂತಿದ್ದ. ಅತ್ತೆ ಪ್ರತಿಯೊಂದರ ಸೀಟಿನ ಮೇಲೂ ಕೈಯಿಟ್ಟರು. ಕೊನೆಯದು ಕರಿಯದಿತ್ತು, ಎಡ ಹಿಡಿಕೆ ಬೋಳಾಗಿತ್ತು.

“ಇದ ಇರಬಹುದು ನೋಡ್ರಿ ಯವ್ವಾ,” ಎಂದರು ಅಲ್ಲಿದ್ದ ಜಮಾದಾರರು. “ಸೀಟಿನ ಅರಿವಿ ಕಳ್ಳರು ತಗದಿರ್ತಾರ.”

ಅತ್ತೆ ನನ್ನ ಮುಖ ನೋಡಿದರು. ನಾನು ಬಗ್ಗಿ ಪೆಡಲುಗಳನ್ನು ನೋಡಿದೆ. ಎರಡೂ ಒಂದೇ ಸಮ ಸವೆದಿದ್ದವು.

“ಇದಲ್ಲರಿ,” ಎಂದೆ.

ಮುಂಡರಗಿಯ ಬಸ್ಸು ನಿಲ್ಲುವಲ್ಲಿ ಮಿರ್ಚಿ ಕರಿಯುತ್ತಿದ್ದರು. ಅತ್ತೆ ಕೊಡಿಸಿದರು. ಖಾರ ಹತ್ತಿ ನನ್ನ ಕಣ್ಣಲ್ಲಿ ನೀರು ಬಂತು, ಮೂಗು ಸೋರಿತು. ಖಾರ ಎಂಬುದು ಬಾಯಿಗೆ ಗೊತ್ತಾಗಿ ಬಹಳ ದಿನವಾಗಿತ್ತು. ಅತ್ತೆ ಇನ್ನೊಂದು ಮಿರ್ಚಿಯನ್ನು ನನ್ನ ಕೈಗಿಟ್ಟರು.

ಇನ್ನೊಂದು ವರ್ಷ ಕಳೆದ ಮೇಲೆ ಕೋರ್ಟಿನ ಮೊಹರಿದ್ದ ಕಾಗದ ಅಂಚೆಯಲ್ಲಿ ಬಂತು. ಓದಿ ಹೇಳಿದೆ. ಕಳುವು ಆದದ್ದು ಖರೆ, ಆದರೆ ಪತ್ತೆಯಾಗಿಲ್ಲ, ಕೆಲಸವನ್ನು ಇಲ್ಲಿಗೆ ಮುಗಿಸಲಾಗಿದೆ ಎಂಬ ಅರ್ಥದ ಮೂರು ಸಾಲು. ಅತ್ತೆ, “ಇನ್ನೊಮ್ಮೆ ಓದು,” ಎಂದರು. ಓದಿದೆ. ಸ್ವಲ್ಪ ಹೊತ್ತು ಅವರು ಅಕ್ಕಿ ಆರಿಸುತ್ತ ಕೂತರು. ಆಮೇಲೆ ಮೊರದಿಂದ ಕಣ್ಣೆತ್ತದೆ ಕೇಳಿದರು:

“ಇನ್ನ ಡೋಣಿಗೆ ಹೋಗ್ತೀಯೇನು?”

ಆಗ ನನಗೆ ತಿಳಿಯಿತು. ಅವರು ಠಾಣೆಯಿಂದ ಠಾಣೆಗೆ ಅಲೆದದ್ದು ಮಗನ ಸೈಕಲ್ಲಿಗೆ ಖರೆ. ಆದರೆ ಫಿರ್ಯಾದಿ ಮುಗಿಯುವವರೆಗೆ ನಾನು ಮನೆಯಲ್ಲಿರುತ್ತೇನೆ ಎಂಬುದೂ ಅವರ ಮನಸ್ಸಿನಲ್ಲಿತ್ತು. ಇರು ಎಂದು ಬಾಯಿ ಬಿಟ್ಟು ಹೇಳುವ ಹಕ್ಕು ತಮಗಿಲ್ಲ ಎಂದು ಅವರು ತಿಳಿದಿದ್ದರು.

“ಇಲ್ಲೇ ಇರ್ತೇನಿ ಅತ್ತಿ,” ಎಂದೆ.

ಅವರು ತಲೆಯಾಡಿಸಿ, ಅಕ್ಕಿಯಲ್ಲಿದ್ದ ಒಂದು ಹರಳನ್ನು ತೆಗೆದು ಎಸೆದರು.

ಮರುವರ್ಷ ನಾನು ಮತ್ತೆ ಪುಸ್ತಕ ಹಿಡಿದೆ. ಓಣಿಯ ಮಕ್ಕಳ ಜೊತೆ ಕೂತು ಓದಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಕಟ್ಟಿದೆ. ಒಂದು ಸಲ ನಪಾಸಾಗಿ ಎರಡನೇ ಸಲ ಪಾಸಾದೆ. ಕರ್ನಾಟಕ ಒಂದಾದ ವರ್ಷ ನನಗೆ ಹಮ್ಮಿಗಿಯ ಶಾಲೆಯಲ್ಲಿ ನೌಕರಿ ಸಿಕ್ಕಿತು. ಬೆಟಗೇರಿಯ ಮನೆ ಬಿಟ್ಟು ಅತ್ತೆಯೂ ನನ್ನ ಜೊತೆ ಬಂದರು. ಬೆಟಗೇರಿಯಲ್ಲಿ ಒಂದು ಕೊಡ ನೀರಿಗೆ ಸರದಿಯಲ್ಲಿ ನಿಲ್ಲುತ್ತಿದ್ದ ಅವರು, ಮೊದಲ ದಿನ ತುಂಗಭದ್ರೆಯ ದಂಡೆಗೆ ನಿಂತು ಅಷ್ಟೊಂದು ನೀರನ್ನು ನೋಡಿ, “ಇದು ಯಾರ ಹದ್ದಿನಾಗ ಬರತೈತಿ?” ಎಂದು ಕೇಳಿದರು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಕ್ಕರು. ಅತ್ತೆ ನಗಲಿಲ್ಲ, ಖರೆಯಾಗಿಯೇ ಕೇಳಿದ್ದರು. ನಾನು ಗೊತ್ತಿಲ್ಲ ಎಂದೆ. ಅವರು ಸೀರೆ ಮೇಲಕ್ಕೆ ಸಿಗಿಸಿಕೊಂಡು, ಕೊಡ ತುಂಬಿಕೊಳ್ಳಲು ನೀರಿಗೆ ಇಳಿದರು.